‘ಕಾರ್ಡ್ ತಗೊಂಡು ಬರ್ರಿ’ ಅಂದವನು

ವ್ಯಾನು ನಿಲ್ಲಿಸುವ ಜಾಗ ಸಮತಟ್ಟಾಗಿರಬೇಕು. ಒಂದು ಕಡೆ ಎರಡು ಬೆರಳಷ್ಟು ಇಳಿಜಾರಿದ್ದರೂ ಒಳಗಿನ ಮಷೀನು ಅಲುಗುತ್ತದೆ, ಫೋಟೋ ಮಸುಕಾಗುತ್ತದೆ. ಅದಕ್ಕೆ ಬೆಳಿಗ್ಗೆ ಬೈಕುಲ್ಲಾದ ಶೆಡ್ಡಿನಿಂದ ಹೊರಟು ಅಂಧೇರಿ ಪೂರ್ವದ ಕೂಲಿಕಾರರ ವಸತಿ ಮುಟ್ಟಿದ ಕೂಡಲೇ ಡ್ರೈವರ್ ನಾಲ್ಕೂ ಮೂಲೆಗೆ ಜಾಕ್ ಕೊಡುತ್ತಿದ್ದ. ವ್ಯಾನಿನ ನೆಲದ ಮೇಲೆ ನೀರಿನ ಬಾಟಲಿಯೊಂದನ್ನು ಅಡ್ಡ ಮಲಗಿಸಿ, ಅದು ಉರುಳದೆ ನಿಲ್ಲುವ ತನಕ ಜಾಕ್ ತಿರುಗಿಸುತ್ತಿದ್ದ. ಆಮೇಲೆ ಜನರೇಟರು, ಆಮೇಲೆ ಏಸಿ. ಒಳಗೆ ತಂಪಾಗುವವರೆಗೆ ಮಷೀನು ಹಚ್ಚುವಂತಿಲ್ಲ. ಹಚ್ಚಿದ ಮೇಲೆ ಫೋಟೋ ತೆಗೆಯುವ ರೇಡಿಯೋಗ್ರಾಫರ್ ಒಂದು ಪ್ಲಾಸ್ಟಿಕ್ ಗಟ್ಟಿಯನ್ನು ಅದರ ಕೆಳಗಿಟ್ಟು ಮೊದಲ ಫೋಟೋ ತೆಗೆದು, ಗಟ್ಟಿಯೊಳಗಿನ ಚುಕ್ಕೆ, ಗೆರೆಗಳೆಲ್ಲ ಕಾಣುತ್ತವೆಯೇ ಎಂದು ನೋಡಿ, “ಓಕೆ ಅಂಕಲ್, ಕಳಿಸಿ” ಅನ್ನುತ್ತಿದ್ದಳು. ಅಷ್ಟರಲ್ಲಿ ಹೊರಗೆ ನನ್ನ ಟೇಬಲ್ಲು, ಎರಡು ಕುರ್ಚಿ, ಫಾರ್ಮಿನ ಕಟ್ಟು ಸಿದ್ಧವಾಗಿರುತ್ತಿದ್ದವು.

ಅದು ಸ್ತನ ಕ್ಯಾನ್ಸರ್ ತಪಾಸಣೆಯ ವ್ಯಾನು. ಒಂದು ಟ್ರಸ್ಟಿನದು. ನಲವತ್ತು ದಾಟಿದ ಯಾವ ಹೆಂಗಸೂ ಬರಬಹುದು, ಪುಕ್ಕಟೆ. ನಾನು ಹೆಸರು ಬರೆದುಕೊಳ್ಳುವವನು. ವಯಸ್ಸು ಅರವತ್ತೇಳು. ವಿಜಯಪುರ ಜಿಲ್ಲೆಯವನು, ಓದಿದ್ದು ಹತ್ತನೇ ಇಯತ್ತೆ. ಕನ್ನಡ, ಮರಾಠಿ, ಹಿಂದಿ ಮೂರನ್ನೂ ಓದಿ ಬರೆಯುತ್ತೇನೆಂದು ಈ ಕೆಲಸ ಸಿಕ್ಕಿತ್ತು. ಆ ಟೇಬಲ್ಲಿನಲ್ಲಿ ಕೂತು ಒಂದು ವರ್ಷಕ್ಕಿಂತ ಹೆಚ್ಚು ಕಾಲ ನಾನೊಂದು ತಪ್ಪು ಮಾಡಿದೆ. ಯಾರೂ ಹೇಳಿ ಮಾಡಿಸಿದ್ದಲ್ಲ. ನನ್ನ ದಣಿವು ಕಡಿಮೆಯಾಯಿತು ಅನ್ನುವುದು ಬಿಟ್ಟರೆ ಅದರಿಂದ ಯಾರಿಗೂ ಏನೂ ಸಿಗಲಿಲ್ಲ. ಅದನ್ನು ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

ಫಾರ್ಮು ಎರಡು ಪುಟದ್ದು. ಹೆಸರು, ವಯಸ್ಸು, ಫೋನು, ಮಕ್ಕಳೆಷ್ಟು, ಎದೆಹಾಲು ಎಷ್ಟು ತಿಂಗಳು ಕುಡಿಸಿದಿರಿ, ಮುಟ್ಟು ನಿಂತಿದೆಯೇ, ತವರಿನಲ್ಲಿ ಯಾರಿಗಾದರೂ ಈ ರೋಗ ಇತ್ತೇ, ಗಂಟು ಕೈಗೆ ಸಿಗುತ್ತದೆಯೇ. ಗಂಡಸು ಕೇಳುವ ಪ್ರಶ್ನೆಗಳಲ್ಲ ಅವು. ನನ್ನ ತಲೆ ಪೂರಾ ಬೆಳ್ಳಗಾಗಿದ್ದರಿಂದ ಉತ್ತರ ಕೊಡುತ್ತಿದ್ದರು. ಎರಡನೇ ಪುಟದ ಕೊನೆಗೆ ವಿಮೆಯ ಕಾಲಂ. ಅದರಲ್ಲಿ ಮೂರು ಚೌಕ: ಸರ್ಕಾರಿ ಯೋಜನೆಯ ಕಾರ್ಡು, ಕಂಪನಿ ಅಥವಾ ಖಾಸಗಿ ವಿಮೆ, ಯಾವುದೂ ಇಲ್ಲ. ತಪಾಸಣೆಗೂ ಈ ಕಾಲಮಿಗೂ ಸಂಬಂಧವಿರಲಿಲ್ಲ. ರಿಪೋರ್ಟಿನಲ್ಲಿ ಏನಾದರೂ ಕಂಡರೆ ಮುಂದೆ ಎಲ್ಲಿಗೆ ಕಳಿಸಬೇಕು ಎಂದು ತಿಳಿಯಲು ಅದನ್ನು ಕೇಳುತ್ತಿದ್ದೆವು. ಮೊದಲ ಎರಡು ಚೌಕದವರ ಕೈಗೆ ಒಂದು ಪತ್ರ ಕೊಟ್ಟರೆ ಮುಗಿಯಿತು. ತಮ್ಮ ತಮ್ಮ ಆಸ್ಪತ್ರೆಗೆ ಅವರೇ ಹೋಗುತ್ತಿದ್ದರು. ಮೂರನೇ ಚೌಕದವರನ್ನು ಮಾತ್ರ ಟ್ರಸ್ಟಿನವರು ಪಾಲಿಕೆಯ ದೊಡ್ಡ ಆಸ್ಪತ್ರೆಗೆ ಕರೆದೊಯ್ದು, ಸೂಜಿ ಪರೀಕ್ಷೆ ಮುಗಿದು ಚಿಕಿತ್ಸೆ ಶುರುವಾಗುವ ತನಕ ಜೊತೆಗಿರಬೇಕು. ಟ್ರಸ್ಟಿನವರು ಅಂದರೆ ನಾನು.

ಜೊತೆಗಿರುವುದು ಅಂದರೆ ಹೀಗೆ. ಸಯನ್‌ನ ನನ್ನ ಖೋಲಿಯಿಂದ ಬೆಳಿಗ್ಗೆ ಹೊರಟು, ದಾದರಿನಲ್ಲಿ ಲೋಕಲ್ ಬದಲಿಸಿ, ಅಂಧೇರಿಯಲ್ಲಿ ಇಳಿದು, ಆ ಹೆಂಗಸನ್ನು ಅವಳ ಗುಡಿಸಲಿನಿಂದ ಕರೆದುಕೊಂಡು ಆಸ್ಪತ್ರೆ ಮುಟ್ಟಬೇಕು. ಕೇಸ್ ಪೇಪರ್ ಕಿಟಕಿಯ ಮುಂದೆ ಒಂದು ತಾಸು. ಓಪಿಡಿಯ ಹೊರಗೆ ಮೂರು ತಾಸು. ಒಳಗೆ ಹೋದರೆ ರಕ್ತಕ್ಕೆ ಬರೆಯುತ್ತಾರೆ, ಅದು ಬೇರೆ ಕಟ್ಟಡ. ಸೋನೋಗ್ರಫಿಗೆ ಬರೆಯುತ್ತಾರೆ, ಅದರ ತಾರೀಖು ಮುಂದಿನ ವಾರ. ಲಿಫ್ಟು ಸ್ಟ್ರೆಚರಿನವರಿಗೆ. ನನ್ನ ಎರಡೂ ಮೊಣಕಾಲು ಸವೆದಿವೆ. ಮೆಟ್ಟಿಲ ಮೇಲೆ ಗೋಡೆ ಹಿಡಿದು ಹತ್ತುವಾಗ ಪೇಷಂಟೇ ನನ್ನ ತೋಳು ಹಿಡಿದದ್ದೂ ಉಂಟು.

ಮೊದಲ ವರ್ಷ ಇದನ್ನೆಲ್ಲ ಗೊಣಗದೆ ಮಾಡಿದೆ. ಆಮೇಲೆ ಒಬ್ಬ ಹೆಂಗಸಿನ ಹಿಂದೆ ಏಳು ಸಲ ತಿರುಗಿದೆ. ಅವಳ ಸೂಜಿ ಪರೀಕ್ಷೆಯ ದಿನ ಹೋಗಿ ನೋಡಿದರೆ ಗುಡಿಸಲಿಗೆ ಬೀಗ. ಗಂಡನ ಕೆಲಸ ಮುಗಿಯಿತೆಂದು ಊರಿಗೆ ಹೋಗಿದ್ದರು. ಫೋನು ಹತ್ತಲಿಲ್ಲ. ತಿಂಗಳ ಮೀಟಿಂಗಿನಲ್ಲಿ ಟ್ರಸ್ಟಿನ ಮ್ಯಾನೇಜರ್ ಬಾಯಿ ಕಂಪ್ಯೂಟರು ನನ್ನ ಕಡೆ ತಿರುಗಿಸಿದರು. ಆ ಹೆಂಗಸಿನ ಹೆಸರು ಕೆಂಪಾಗಿತ್ತು.

“ಕಾಕಾ, ಫಾಲೋಅಪ್ ಯಾಕೆ ಮುಗಿದಿಲ್ಲ?”

“ಊರಿಗೆ ಹೋದಳು ಮೇಡಂ.”

“ನಮಗೆ ಉತ್ತರ ಬೇಡ ಕಾಕಾ, ಕೆಂಪು ಹೋಗಬೇಕು.”

ಅವರು ಕೆಟ್ಟವರಲ್ಲ. ಅವರಿಗೂ ಮೇಲಿನವರು ಕೇಳುತ್ತಿದ್ದರು. ಆದರೆ ಅವತ್ತು ಮನೆಗೆ ಬಂದು ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತಾ ಕೂತಾಗ ನನಗೆ ಹೊಳೆದದ್ದು ಇಷ್ಟು: ಮೂರನೇ ಚೌಕಕ್ಕೆ ಟಿಕ್ ಬೀಳದಿದ್ದರೆ ಕೆಂಪೂ ಬೀಳುವುದಿಲ್ಲ.

ಮುಂದಿನ ಕ್ಯಾಂಪಿನಿಂದ ಶುರು ಮಾಡಿದೆ. ಕಾರ್ಡಿಲ್ಲದ ಹೆಂಗಸು ಬಂದರೆ ಫಾರ್ಮು ತೆಗೆಯುತ್ತಲೇ ಇರಲಿಲ್ಲ. “ಕಾರ್ಡ್ ತಗೊಂಡು ಬರ್ರಿ, ಆಮ್ಯಾಲೆ ನೋಡೂಣು” ಅನ್ನುತ್ತಿದ್ದೆ. ಮನಸ್ಸಿಗೆ ಒಂದು ಸಮಾಧಾನ ಹೇಳಿಕೊಂಡಿದ್ದೆ. ಕಾರ್ಡಿಲ್ಲದೆ ರೋಗ ಗೊತ್ತಾಗಿ ಏನು ಪ್ರಯೋಜನ, ಹೆದರಿಕೆಯೊಂದೇ ಗಳಿಕೆ, ಮೊದಲು ಕಾರ್ಡು ಮಾಡಿಸಿಕೊಂಡರೆ ಅವರಿಗೇ ಒಳ್ಳೆಯದು ಎಂದು. ಇದರಲ್ಲಿ ಅರ್ಧ ನಿಜವಿತ್ತು. ಪೂರ್ತಿ ಸುಳ್ಳಾಗಿದ್ದರೆ ನನ್ನಿಂದ ಅಷ್ಟು ದಿನ ಹೇಳಲಾಗುತ್ತಿರಲಿಲ್ಲ.

ಎಲ್ಲರ ಮೇಲೂ ಇದು ನಡೆಯಲಿಲ್ಲ. ಮರಾಠಿ, ಹಿಂದಿ ಆಡುವ ಹೆಂಗಸರು ವ್ಯಾನಿಗೆ ಅಂಟಿಸಿದ ಬೋರ್ಡು ತೋರಿಸಿ ಜಗಳಕ್ಕೆ ನಿಲ್ಲುತ್ತಿದ್ದರು. “ಕಹಾಂ ಲಿಖಾ ಹೈ? ದಿಖಾವ್!”, ಕಾರ್ಡು ಬೇಕೆಂದು ಎಲ್ಲಿ ಬರೆದಿದೆ ತೋರಿಸು, ಅಂದರೆ ಸುಮ್ಮನೆ ಫಾರ್ಮು ತೆಗೆಯುತ್ತಿದ್ದೆ. ನಮ್ಮ ಕಡೆಯವರು, ಅಂದರೆ ಯಾದಗಿರಿ, ಕಲಬುರ್ಗಿ, ವಿಜಯಪುರದಿಂದ ಬಂದು ಕಟ್ಟಡದ ಕೆಲಸ ಮಾಡುವ ಹೆಂಗಸರು, ಬೋರ್ಡು ಓದುತ್ತಿರಲಿಲ್ಲ. ನನ್ನ ಮಾತು ಕೇಳಿ, ಇವ ನಮ್ಮಂವ ಅಂತ ಮೊದಲು ಖುಷಿಪಡುತ್ತಿದ್ದರು. ಆಮೇಲೆ ನಾನು ಹೇಳಿದ್ದನ್ನು ನಂಬಿ ಎದ್ದು ಹೋಗುತ್ತಿದ್ದರು. ಜಗಳ ಆಡಿದವರಿಗೆ ತಪಾಸಣೆಯಾಯಿತು. ನಂಬಿದವರು ವಾಪಸು ಹೋದರು.

ಆ ಪೈಕಿ ಒಬ್ಬಳ ವಿಷಯಕ್ಕೇ ಇದನ್ನು ಬರೆಯುತ್ತಿರುವುದು.

ಬೇಸಿಗೆಯ ಶುರುವಿನಲ್ಲಿ ಬಂದಳು. ನಲವತ್ತೈದರ ಆಸುಪಾಸು. ಯಾದಗಿರಿ ಜಿಲ್ಲೆಯವಳು, ಇಟ್ಟಿಗೆ, ಮರಳು ಹೊರುವ ಬಿಗಾರಿ ಕೆಲಸ. ಗಂಡ ಗೋಡೆ ಕಟ್ಟುವ ಗೌಂಡಿ. ಜೊತೆಗೆ ಇನ್ನೂ ನಾಲ್ವರನ್ನು ಕರೆತಂದಿದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದು ನನ್ನ ಎದುರು ಕುರ್ಚಿಯಲ್ಲಿ ಧಡಕ್ಕನೆ ಕೂತಳು.

“ಕಾಕಾ, ನಿಮ್ಮದು ಯಾವೂರ್ರಿ?”

“ಇಂಡಿ ಕಡೆ.”

“ಅದಕ್ಕ ಮಾರಿ ಅಷ್ಟು ಒಣಗ್ಯಾದ. ಬರ್ಕೋರಿ ನಮ್ಮ ಹೆಸರ, ಕೆಲಸದ ಮುಕಾದಮ ಬೈತಾನ, ಲಗೂನ ಹೋಗಬೇಕ್ರಿ.”

ಹಿಂದೆ ನಿಂತವರು ನಕ್ಕರು. ನಾನೂ ನಕ್ಕೆ. “ಕಾರ್ಡ್ ಐತೇನವ್ವಾ?”

“ಯಾ ಕಾರ್ಡ್‌ರಿ? ಆಧಾರ ಅದ, ಬ್ಯಾಂಕಿಂದು ಅದ. ನನ್ನ ಗಂಡನ ಕಿಸೆದಾಗ ಇಸ್ಪೀಟಿನವೂ ಅವ.”

“ದವಾಖಾನಿ ಕಾರ್ಡ್. ಸರ್ಕಾರದ ಯೋಜನಾದ್ದು.”

“ಅದಿಲ್ರಿ.”

“ಅದನ್ನ ತಗೊಂಡು ಬರ್ರಿ. ಇಲ್ಲಾಂದ್ರ ಆಗೂದಿಲ್ಲ.”

ನಗು ನಿಂತಿತು. ಅವಳು ಮುಂದಕ್ಕೆ ಬಾಗಿ ಸಣ್ಣ ದನಿಯಲ್ಲಿ ಹೇಳಿದಳು: “ಕಾಕಾ, ಎಡಕಿನ ಬಾಜೂಕ ಹುಣಸಿ ಬೀಜದಷ್ಟು ಏನೋ ಕೈಗಿ ಸಿಗತದ್ರಿ. ನೋವಿಲ್ಲ. ಸುಮ್ಮ ತೋರಿಸಿ ಹೋಗಬೇಕಂತ ಬಂದಿದ್ದೆ.”

ಈ ಮಾತು ಕೇಳಿಸಲಿಲ್ಲ ಎಂದು ಹೇಳಲಾರೆ. ಕೇಳಿಸಿತು. ಫಾರ್ಮಿನಲ್ಲಿ ಗಂಟಿಗೆ ಬೇರೆಯೇ ಚೌಕವಿತ್ತು, ಅದಕ್ಕೆ ಟಿಕ್ ಬಿದ್ದರೆ ಪಾಳಿ ಬಿಟ್ಟು ಒಳಗೆ ಕಳಿಸಬೇಕು ಎಂಬ ನಿಯಮವೂ ಇತ್ತು. ಆದರೆ ಹಿಂದಿನ ವಾರವಷ್ಟೇ ಬೇರೆ ವಸತಿಯ ಒಬ್ಬರೊಂದಿಗೆ ನಾಲ್ಕು ದಿನ ಆಸ್ಪತ್ರೆಗೆ ಅಲೆದಿದ್ದೆ. ಇವಳಿಗೆ ಗಂಟಿದೆ ಅಂದರೆ ಮತ್ತೆ ಅಲೆದಾಟ ಖಂಡಿತ ಅನಿಸಿತು. “ನೋವಿಲ್ಲಂದ್ರ ಅವಸರಿಲ್ಲವ್ವಾ. ಕಾರ್ಡ್ ಮಾಡಿಸ್ಕೊಂಡು ಬಾ, ದೊಡ್ಡ ದವಾಖಾನ್ಯಾಗ ಎಲ್ಲಾ ಪುಕ್ಕಟೆ ಆಗ್ತೈತಿ” ಅಂದೆ. ಈ ರೋಗದಲ್ಲಿ ಗಂಟು ಬಹಳ ಸಲ ನೋಯುವುದಿಲ್ಲ ಎಂದು ನಮಗೆ ತರಬೇತಿಯ ಮೊದಲನೇ ದಿನವೇ ಹೇಳಿಕೊಟ್ಟಿದ್ದರು.

“ಆತ್ರಿ ಕಾಕಾ” ಎಂದು ಎದ್ದಳು. ನಾಲ್ವರೂ ಅವಳ ಹಿಂದೆಯೇ ಹೋದರು.

ಮೂರು ತಿಂಗಳ ಮೇಲೆ ವ್ಯಾನು ಅದೇ ಜಾಗಕ್ಕೆ ಬಂದಾಗ ಅವಳು ಮೊದಲಿಗಳಾಗಿ ಬಂದು ನಿಂತಿದ್ದಳು. ಫೋನಿನಲ್ಲಿ ಊರಿನ ರೇಷನ್ ಕಾರ್ಡಿನ ಫೋಟೋ ಇತ್ತು. ಯೋಜನೆಯ ಕಾರ್ಡು ಸಿಗುವುದು ರೇಷನ್ ಕಾರ್ಡಿನ ಮೇಲೆಯೇ. “ಇದು ನಡೀತದೇನ್ರಿ? ಅತ್ತಿ ಹೆಸರಿನ್ಯಾಗ ಅದ, ನಮ್ಮಿಬ್ಬರದೂ ಅದರಾಗ ಅವ.”

“ಇದು ಕರ್ನಾಟಕದ್ದು. ಇಲ್ಲಿ ಯೋಜನಾಕ್ಕ ಇಲ್ಲಿ ಕಾರ್ಡ್ ಬೇಕು. ಅಲ್ಲಿಂದ ಹೆಸರು ತಗಸಿದ ಕಾಗದ ತಂದ್ರ ಇಲ್ಲಿ ಹೊಸದು ಮಾಡ್ತಾರ.”

“ಅಲ್ಲಿ ತಗಸಿದ್ರ ಅತ್ತಿಗಿ ಬರೂ ಅಕ್ಕಿ, ಜ್ವಾಳ ಕಡಿಮಿ ಆಗತದ. ಆಕಿ ಸುಮ್ಮ ಇರತಾಳೇನ್ರಿ? ನನ್ನ ಹಲ್ಲ ಮುರೀತಾಳ.”

“ಅದು ನಿಮ್ಮ ಮನಿ ಮಾತು. ನಾ ಏನ್ ಮಾಡ್ಲಿ?”

ಹೀಗೆ ಹೇಳಿ ಮುಂದಿನವರನ್ನು ಕರೆದೆ. ಆ ತಿಂಗಳ ಮೀಟಿಂಗಿನಲ್ಲಿ ನನ್ನ ಸಾಲಿನಲ್ಲಿ ಕೆಂಪು ಒಂದೂ ಇರಲಿಲ್ಲ. “ಕಾಕಾಂಚ ಕಾಮ್ ಏಕ್‌ದಮ್ ಕ್ಲೀನ್” ಎಂದು ಮ್ಯಾನೇಜರ್ ಬಾಯಿ ಎಲ್ಲರೆದುರು ಹೇಳಿದರು. ನನಗೆ ಖುಷಿಯಾಯಿತು. ಅದನ್ನೂ ಬರೆಯಲೇಬೇಕು.

ಮಳೆಗಾಲದಲ್ಲಿ ಆ ವಸತಿಯ ದಾರಿಯಲ್ಲಿ ವ್ಯಾನು ನಿಲ್ಲಿಸಲಾಗುವುದಿಲ್ಲ, ಜಾಕ್ ಕೆಸರಿನಲ್ಲಿ ಇಳಿಯುತ್ತದೆ. ಹೀಗಾಗಿ ಮೂರನೇ ಸಲ ಹೋಗಿದ್ದು ದೀಪಾವಳಿ ಕಳೆದ ಮೇಲೆ. ಅವತ್ತು ಮಧ್ಯಾಹ್ನದ ತನಕ ನಮ್ಮ ಕಡೆಯ ಹೆಂಗಸರು ಇಬ್ಬರೇ ಬಂದರು. ಅವರಲ್ಲೊಬ್ಬಳ ಗಂಡ ಕಾರ್ಖಾನೆಯ ವಾಚ್‌ಮನ್, ವಿಮೆ ಇತ್ತು. ಅವಳ ತಪಾಸಣೆ ಮುಗಿದ ಮೇಲೆ ರೇಡಿಯೋಗ್ರಾಫರ್ ಕೆಳಗಿಳಿದು ಬಂದಳು. ಮಂಗಳೂರು ಮೂಲದವಳು, ಹುಟ್ಟಿ ಬೆಳೆದದ್ದು ಸಯನ್‌ನಲ್ಲೇ. ಮನೆಯಲ್ಲಿ ತುಳು, ನನ್ನೊಡನೆ ತೊಡರುವ ಕನ್ನಡ.

“ಅಂಕಲ್, ಕಾರ್ಡ್ ಇಲ್ಲದವರನ್ನು ನೀವು ಬಿಡೂದಿಲ್ಲಂತೆ? ಒಳಗೆ ಆ ಬಾಯಿ ಹೇಳಿದ್ಳು. ಇದು ಯಾವ ರೂಲ್ ಮಾರಾಯ್ರೇ?”

“ತಪ್ಪು ತಿಳ್ಕೊಂಡಿರಬೇಕು. ನಾ ಕಾರ್ಡ್ ಇದ್ರ ಛಲೋ ಅಂದಿದ್ದೆ.”

“ಸಚ್ ಬೋಲೋ ಅಂಕಲ್.”

“ಖರೇನ ಹೇಳಿದೆ.”

ಅವಳು ನನ್ನ ಮುಖವನ್ನೇ ನೋಡುತ್ತಾ ನಿಂತಳು. ಅವಳಿಗೆ ನನ್ನ ಮಗಳ ವಯಸ್ಸು. ನಾನು ಪೆನ್ನಿನ ಮುಚ್ಚಳ ತೆಗೆದು ಮತ್ತೆ ಹಾಕಿದೆ.

ಆಗಲೇ ಆ ಯಾದಗಿರಿಯವಳು ಬಂದದ್ದು. ಈ ಸಲ ಒಬ್ಬಳೇ. ತಪಾಸಣೆಗೆ ಬಂದಿರಲಿಲ್ಲ. ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಅದರ ತುಂಬ ಕಾಗದ.

“ಕಾಕಾ, ನೀವು ಹೇಳಿದಂಗ ಊರಾಗ ಹೆಸರ ತಗಸೀನ್ರಿ. ಅತ್ತಿ ಮಾತು ಬಿಟ್ಟಾಳ. ಇಲ್ಲಿ ಆಫೀಸಿನ್ಯಾಗ ಖೋಲಿ ಕಾಗದ ಕೇಳತಾರ, ಖೋಲಿ ಮಾಲಕ ಕೊಡಲ್ಲ ಅಂತಾನ. ಅಲ್ಲಿಂದ ತಗದಾರ, ಇಲ್ಲಿ ಹಾಕಿಲ್ಲ. ಈಗ ನಾ ಯಾ ಊರಾಕಿ? ಒಂದು ಅರ್ಜಿ ಬರದು ಕೊಡ್ರಿ, ನಿಮ್ಮ ಮರಾಠಿ ಛಂದ ಅದಂತ.”

ಚೀಲವನ್ನು ಟೇಬಲ್ಲಿನ ಮೇಲಿಡಲು ಬಲಗೈ ಎತ್ತಿದಳು. ಎಡಗೈಯನ್ನು ಮೈಗೆ ಒತ್ತಿಕೊಂಡೇ ಇದ್ದಳು. ಕುರ್ಚಿ ಎಳೆದುಕೊಳ್ಳುವಾಗಲೂ ಆ ಕೈ ಮೇಲೇಳಲಿಲ್ಲ. ರೇಡಿಯೋಗ್ರಾಫರ್ ಅದನ್ನು ನೋಡಿದಳು, ನಾನೂ ನೋಡಿದೆ.

ನಾನು ಕಟ್ಟಿನಿಂದ ಒಂದು ಫಾರ್ಮು ಎಳೆದೆ. ಹೆಸರು ಬರೆದೆ. ಗಂಟಿನ ಚೌಕಕ್ಕೆ ಟಿಕ್ ಹಾಕಿದೆ. ಪುಟ ಹೊರಳಿಸಿ ‘ಯಾವುದೂ ಇಲ್ಲ’ ಎಂಬುದಕ್ಕೆ ಟಿಕ್ ಹಾಕಿದೆ. “ಅರ್ಜಿ ಆಮ್ಯಾಲೆ ಬರೀತೀನಿ. ಮೊದಲ ಒಳಗ ಹೋಗವ್ವಾ” ಅಂದೆ.

“ಕಾರ್ಡ್ ಇಲ್ಲಲ್ರಿ?”

“ಬ್ಯಾಡ. ಹೋಗು.”

ವ್ಯಾನಿನ ಗೋಡೆ ತೆಳು. ಒಳಗಿನ ಮಾತು ನನ್ನ ಟೇಬಲ್ಲಿಗೆ ಕೇಳುತ್ತದೆ. ಪೌಡರ್ ಹಚ್ಚಿದ್ದರೆ ಒರೆಸಿಕೊಳ್ಳಿ, ಫೋಟೋದಲ್ಲಿ ಬಿಳಿ ಚುಕ್ಕೆ ಬರುತ್ತದೆ ಎಂದು ರೇಡಿಯೋಗ್ರಾಫರ್ ಹೇಳಿದಳು. ತಾಳಿ ತೆಗೆಯುವುದಿಲ್ಲ ಎಂದು ಇವಳು ಹಟ ಮಾಡಿದಳು. ನಮ್ಮ ಕಡೆಯವರು ಯಾರೂ ತೆಗೆಯುವುದಿಲ್ಲ. ಅವರ ತಾಳಿಯನ್ನು ಬೆನ್ನಿಗೆ ಹಾಕಿಸಿ ಫೋಟೋ ತೆಗೆಯುವುದನ್ನು ರೇಡಿಯೋಗ್ರಾಫರ್ ರೂಢಿಸಿಕೊಂಡಿದ್ದಳು. “ಆತು, ಗಂಡನ್ನ ಬೆನ್ನ ಹಿಂದ ನಿಲ್ಲಿಸೀನಿ. ಈಗ ಏನ್ ಮಾಡತೀರಿ ಮಾಡ್ರಿ” ಎಂಬ ಇವಳ ದನಿ ಕೇಳಿಸಿತು. ಆಮೇಲೆ ಮಷೀನಿನ ತಟ್ಟೆ ಇಳಿಯುವ ಸದ್ದು. ಬಲಕ್ಕೆ ಎರಡು ಫೋಟೋ. ಎಡಕ್ಕೆ ಬಂದಾಗ ಇವಳು ಕೂಗಲಿಲ್ಲ, ದೀರ್ಘವಾಗಿ ಉಸಿರೆಳೆದಳು.

ಸಾಮಾನ್ಯವಾಗಿ ಫೋಟೋಗಳನ್ನು ಡಾಕ್ಟರಿಗೆ ಕಳಿಸಿ, ರಿಪೋರ್ಟು ಬರಲು ಕೆಲವು ದಿನ ಕಾಯುತ್ತೇವೆ. ಅವತ್ತು ರೇಡಿಯೋಗ್ರಾಫರ್ ಇಳಿದು ಬಂದು ನನ್ನ ಕಿವಿಯ ಹತ್ತಿರ ಹೇಳಿದಳು: “ಅಂಕಲ್, ಚರ್ಮ ಒಳಗೆ ಎಳಕೊಂಡಿದೆ. ಕಂಕುಳಲ್ಲೂ ಗಂಟಿದೆ. ರಿಪೋರ್ಟ್ ಕಾಯೂದು ಬೇಡ, ನಾಳೆಯೇ ಕರ್ಕೊಂಡು ಹೋಗಿ.” ಸ್ವಲ್ಪ ಬಿಟ್ಟು, “ಎಷ್ಟು ತಿಂಗಳಿಂದ ಅಂತ ಕೇಳಿದೆ. ಬೇಸಿಗೆಯಿಂದ ಅಂದ್ಳು” ಎಂದಳು. ಹಾಗೇ ತಿರುಗಿ ವ್ಯಾನಿನ ಮೆಟ್ಟಿಲು ಹತ್ತಿದಳು.

ಮರುದಿನದಿಂದ ಅದೇ ಲೋಕಲ್, ಅದೇ ಕಿಟಕಿ, ಅದೇ ಮೆಟ್ಟಿಲು. ಗಂಡನೂ ಜೊತೆಗೆ ಬಂದ. ಮಾತು ಕಮ್ಮಿಯ ಮನುಷ್ಯ. ಡಾಕ್ಟರು ಮುಟ್ಟಿ ನೋಡಿ ಅವತ್ತೇ ಸೂಜಿ ಪರೀಕ್ಷೆಗೆ ಬರೆದರು. ದಪ್ಪ ಸೂಜಿ, ಒಳಗಿನಿಂದ ದಾರದಂಥ ತುಣುಕು ತೆಗೆಯುತ್ತಾರೆ. ಅದರ ರಿಪೋರ್ಟಿಗೆ ಹತ್ತು ದಿನ. ಬಂದ ಮೇಲೆ ಅದೇ ತುಣುಕಿನ ಮೇಲೆ ಇನ್ನೊಂದು ಪರೀಕ್ಷೆ, ಯಾವ ಔಷಧ ಹತ್ತುತ್ತದೆ ಎಂದು ನೋಡಲು. ಆಮೇಲೆ ಎಲುಬು, ಯಕೃತ್ತು, ಪುಪ್ಪುಸಕ್ಕೆ ಹರಡಿದೆಯೇ ಎಂಬ ಸ್ಕ್ಯಾನು. ಎಲ್ಲಿಗೂ ಹರಡಿರಲಿಲ್ಲ. ಮೂರನೇ ಹಂತ ಅಂದರು. ಮೊದಲು ಕೀಮೋ ಕೊಟ್ಟು ಗಂಟು ಕರಗಿಸಿ, ಆಮೇಲೆ ಆಪರೇಷನ್. ಡಾಕ್ಟರು ಮರಾಠಿಯಲ್ಲಿ ಹೇಳಿದ್ದನ್ನು ನಾನು ಕನ್ನಡ ಮಾಡಿ ಹೇಳುತ್ತಿದ್ದೆ. ನಾನು ಏನು ಹೇಳಿದರೂ ಅವರಿಬ್ಬರಿಗೆ ಅದೇ ಆಸ್ಪತ್ರೆಯ ಮಾತು.

ಕೀಮೋಗೆ ಮುಂಚೆ ಆಸ್ಪತ್ರೆಯ ಸಮಾಜ ಸೇವಕಿಯ ಟೇಬಲ್ಲಿಗೆ ಕಳಿಸಿದರು. ಕೆಲವು ಔಷಧ ಹೊರಗಿನಿಂದ ತರಬೇಕು, ಅದಕ್ಕೆ ಯೋಜನೆ ಯಾವುದಾದರೂ ಇದೆಯೇ ಎಂದು ನೋಡಲು. ಅವರು ಪ್ಲಾಸ್ಟಿಕ್ ಚೀಲದ ಕಾಗದಗಳನ್ನು ಒಂದೊಂದೇ ಬಿಡಿಸಿದರು. ಊರಿನ ಕಾರ್ಡಿನಿಂದ ಹೆಸರು ತೆಗೆದ ಕಾಗದಕ್ಕೆ ಬಂದು ನಿಂತರು.

“ಇದನ್ನು ಯಾಕೆ ತೆಗೆಸಿದಿರಿ?” ಎಂದು ಮರಾಠಿಯಲ್ಲಿ ಕೇಳಿದರು. “ಇದು ಇದ್ದಿದ್ದರೆ ಇವರ ರಾಜ್ಯದ ಯೋಜನೆಯಲ್ಲಿ ಅಲ್ಲೇ ಎಲ್ಲವೂ ಆಗುತ್ತಿತ್ತು. ಇಲ್ಲಿಯದೂ ಇಲ್ಲ, ಅಲ್ಲಿಯದೂ ಇಲ್ಲ. ಯಾರು ಹೇಳಿದರು ಇವರಿಗೆ?”

“ನಾನು” ಅಂದೆ.

ಅವರು ಕನ್ನಡಕದ ಮೇಲಿನಿಂದ ಒಮ್ಮೆ ನೋಡಿದರು. ಬೈಯಲು ಅವರಿಗೆ ಪುರುಸೊತ್ತಿರಲಿಲ್ಲ, ಹಿಂದೆ ದೊಡ್ಡ ಪಾಳಿ ಇತ್ತು. ಆಸ್ಪತ್ರೆಯ ನಿಧಿಯಿಂದ ಸದ್ಯಕ್ಕೆ ಕೊಡಿಸುತ್ತೇನೆ, ಅಷ್ಟರಲ್ಲಿ ಎರಡರಲ್ಲಿ ಒಂದು ಕಡೆ ಹೆಸರು ಸೇರಿಸಿಕೊಂಡು ಬನ್ನಿ ಎಂದು ಚೀಟಿ ಬರೆದುಕೊಟ್ಟರು.

ಹೊರಗಿನ ಬೆಂಚಿನ ಮೇಲೆ ಮೂವರೂ ಕೂತೆವು. “ಆ ಬಾಯಿ ಏನಂದ್ಳರಿ ಕಾಕಾ? ನೀವು ಒಂದೇ ಮಾತಿಗಿ ಸುಮ್ಮಾದ್ರಿ” ಎಂದಳು.

ಏನು ಬೇಕಾದರೂ ಹೇಳಬಹುದಿತ್ತು. ಅವಳಿಗೆ ಗೊತ್ತಾಗುತ್ತಿರಲಿಲ್ಲ. ಇಷ್ಟು ದಿನ ಹೇಳಿಕೊಂಡು ಬಂದದ್ದೂ ಹಾಗೆಯೇ.

“ಊರಾಗ ಹೆಸರು ತಗಸಬಾರದಿತ್ತು ಅಂದ್ರವ್ವಾ.”

“ನೀವ ಹೇಳಿದ್ರಲ್ಲ?”

“ಹೌದು. ನಾ ಹೇಳಿದ್ದು ತಪ್ಪು. ಅದಷ್ಟ ಅಲ್ಲ. ವ್ಯಾನಿಗೆ ಕಾರ್ಡ್ ಬೇಕಾಗಿರಲಿಲ್ಲ. ಯಾವಾಗೂ ಬೇಕಾಗಿರಲಿಲ್ಲ. ನೀ ಮೊದಲನೇ ಸಲ ಬಂದಾಗನ ಒಳಗ ಕಳಸಬೇಕಾಗಿತ್ತು.”

ಗಂಡ ತಲೆ ಎತ್ತಿ ಏಳಲು ಹೋದ. ಅವಳು ಅವನ ತೊಡೆಯ ಮೇಲೆ ಕೈಯಿಟ್ಟು ಅವನನ್ನು ಕೂರಿಸಿಕೊಂಡಳು.

“ಮತ್ತ ಎದಕ್ಕ ಕಳಸಲಿಲ್ಲ?”

“ಕಾರ್ಡ್ ಇಲ್ಲದವರ ಕೂಡ ನಾನ ದವಾಖಾನಿಗೆ ಅಡ್ಡಾಡಬೇಕಾಗ್ತಿತ್ತು. ನನಗ ಬ್ಯಾಸರಾಗಿತ್ತು.”

“ಬ್ಯಾಸರಕ್ಕ?”

ನಾನು ಹೌದೆಂದು ತಲೆಯಾಡಿಸಿದೆ.

“ಬ್ಯಾಸರ ಯಾರಿಗಿಲ್ರಿ” ಎಂದಳು. ದನಿ ಏರಿಸಲಿಲ್ಲ. “ದಿನಾ ಬ್ಯಾಸರ ಮಾಡ್ಕೋತನ ನಾವು ಇಟ್ಟಂಗಿ ಹೊರತೀವಿ.” ಮಡಿಲಲ್ಲಿದ್ದ ಕಾಗದ ಜೋಡಿಸುತ್ತಾ ಕೇಳಿದಳು: “ಆವತ್ತ ನೋಡಿದ್ರ ಇಷ್ಟ ಆಗತಿದ್ದಿಲ್ಲೇನು?”

“ಗೊತ್ತಿಲ್ಲವ್ವಾ. ಆವತ್ತ ಅದು ಸಣ್ಣದಿತ್ತು. ಅಷ್ಟ ಗೊತ್ತೈತಿ.”

ಗಂಡ ಎದ್ದು ನೀರು ಕುಡಿಯಲು ಹೋದವನು ಅರ್ಧ ತಾಸು ಬರಲಿಲ್ಲ. ಅವಳು ಕಾಗದಗಳನ್ನು ಚೀಲಕ್ಕೆ ತುಂಬಿ ಗಂಟು ಹಾಕಿದಳು. “ನನ್ನ ಮಾತು ಕೇಳಿ ಓಣ್ಯಾಗ ಮಂದಿ ಮನ್ಯಾಗ ಕುಂತಾರ. ಕಾರ್ಡ್ ಇಲ್ಲಂದ್ರ ಹೋಗಬ್ಯಾಡ್ರಿ, ವಾಪಸ್ ಕಳಸತಾರ ಅಂತ ನಾನ ಹೇಳೀನಿ. ಈಗ ಮತ್ತ ಹೋಗ್ರಿ ಅಂತ ನಾ ಹೇಳಂಗಿಲ್ಲ. ನೀವ ಬಂದು ಹೇಳ್ರಿ.”

ಮರುದಿನ ಬೈಕುಲ್ಲಾದ ಆಫೀಸಿನಲ್ಲಿ ಮ್ಯಾನೇಜರ್ ಬಾಯಿಗೆ ಎಲ್ಲವನ್ನೂ ಹೇಳಿದೆ. ಅವರು ಕೇಳಿದ್ದು ಒಂದೇ: “ಎಷ್ಟು ಜನ, ಕಾಕಾ?” ನನ್ನಿಂದ ಹೇಳಲಾಗಲಿಲ್ಲ. ಫಾರ್ಮು ತೆಗೆದಿದ್ದರೆ ಹೆಸರಿರುತ್ತಿತ್ತು, ಫೋನಿರುತ್ತಿತ್ತು. ತೆಗೆಯದೆ ಕಳಿಸಿದವರು ಯಾವ ಕಾಗದದಲ್ಲೂ ಇಲ್ಲ. ನೆನಪಿನಿಂದ ಬರೆಯಲು ಕೂತೆ. ಮೂಗಿಗೆ ದೊಡ್ಡ ನತ್ತಿನವಳು. ಕಿವಿ ಕೇಳಿಸದವಳು. ಮೊಮ್ಮಗಳನ್ನು ಸೊಂಟದಲ್ಲಿ ಎತ್ತಿಕೊಂಡು ಬಂದಿದ್ದ ಸಿಂದಗಿ ಕಡೆಯವಳು. ಅರ್ಧ ಹಾಳೆ ತುಂಬಲಿಲ್ಲ. ಮ್ಯಾನೇಜರ್ ಬಾಯಿ ಅದನ್ನು ಓದಿ, “ಇದರಲ್ಲಿ ಯಾರನ್ನು ಹುಡುಕಲಿ?” ಎಂದು ಹಾಳೆ ನನ್ನ ಕೈಗೇ ಕೊಟ್ಟರು. ಟೇಬಲ್ಲಿನ ಕೆಲಸದಿಂದ ಅವತ್ತೇ ತೆಗೆದರು. ಪೂರ್ತಿ ಬಿಡಿಸಲಿಲ್ಲ, ಕನ್ನಡದವರ ಜೊತೆ ಆಸ್ಪತ್ರೆಗೆ ಹೋಗಲು ಬೇರೆ ಯಾರೂ ಇರಲಿಲ್ಲ.

ಭಾನುವಾರ ಆ ವಸತಿಗೆ ಹೋದೆ. ನಳದ ನೀರು ಬರುವ ಹೊತ್ತು. ಕೊಡಗಳ ಸಾಲಿನ ಪಕ್ಕ ನಿಂತು, ವ್ಯಾನಿಗೆ ಯಾವ ಕಾರ್ಡೂ ಬೇಡ, ಬೇಕು ಅಂದದ್ದು ನಾನು ಹೇಳಿದ ಸುಳ್ಳು, ಅಂದೆ. ಮೊದಲು ಯಾರಿಗೂ ತಿಳಿಯಲಿಲ್ಲ. ಎರಡನೇ ಸಲ ಹೇಳಿದೆ. ಒಬ್ಬ ಮುದುಕಿ ಕೊಡ ಕೆಳಗಿಟ್ಟಳು.

“ನಿನ್ನ ಮನ್ಯಾಗಿನಾಕಿ ಬಂದಿದ್ರೂ ಕಾರ್ಡ್ ಕೇಳತಿದ್ದೇನೋ?”

“ಇಲ್ಲಬೇ.”

“ಮತ್ತ ನಮ್ಮನ್ನ ಕೇಳಿದಿ.”

“ಹೌದು.”

“ಇಂಥವನ ಮಾತಿಗಿ ನಾವು ಕಾಕಾ, ಕಾಕಾ ಅಂದ್ವಿ ನೋಡು” ಎಂದು ಪಕ್ಕದವಳಿಗೆ ಹೇಳಿ ಮುಖ ತಿರುಗಿಸಿದಳು. ಇನ್ನೊಬ್ಬಳು, ವ್ಯಾನು ಯಾವಾಗ ಬರುತ್ತದೆ ಎಂದು ಕೇಳಿದಳು. ದಿನ ಹೇಳಿದೆ. ಸಿಂದಗಿ ಕಡೆಯವಳನ್ನು ವಿಚಾರಿಸಿದೆ. ಕೆಲಸ ಮುಗಿದು ಹೋದರು, ಪುಣೆಗೋ ಊರಿಗೋ ಗೊತ್ತಿಲ್ಲ ಅಂದರು. ಈಗಲೂ ಕೂಲಿಯವರು ಸೇರುವ ನಾಕಾಗಳಲ್ಲಿ ಬೆಳಿಗ್ಗೆ ನಿಂತು ಕೇಳುತ್ತೇನೆ. ಅವಳು ಸಿಕ್ಕಿಲ್ಲ.

ವ್ಯಾನು ಬಂದ ದಿನ ಹದಿನಾರು ಜನ ನಮ್ಮ ಕಡೆಯವರು ಬಂದರು. ಟೇಬಲ್ಲಿನಲ್ಲಿ ಬೇರೆಯವರಿದ್ದರು. ನಾನು ಪಾಳಿಯ ಪಕ್ಕ ನಿಂತು ಅವರ ಮಾತನ್ನು ಹಿಂದಿಗೆ ಮಾಡಿ ಹೇಳಿದೆ. ಒಬ್ಬಳ ರಿಪೋರ್ಟಿನಲ್ಲಿ ಅನುಮಾನ ಬಂತು, ಸೂಜಿ ಪರೀಕ್ಷೆಯಲ್ಲಿ ಏನೂ ಇಲ್ಲ ಎಂದಾಯಿತು. ಅವಳಿಗಾಗಿ ಐದು ಸಲ ಮೆಟ್ಟಿಲು ಹತ್ತಿದೆ. ಮೊಣಕಾಲು ಮೊದಲಿಗಿಂತ ಕೆಟ್ಟಿದೆ.

ಯಾದಗಿರಿಯವಳಿಗೆ ಕೀಮೋ ಮೂರು ವಾರಕ್ಕೊಮ್ಮೆ. ನಾನು ಹೋಗುತ್ತಿದ್ದೆ. ಬೇಡ ಅನ್ನಲಿಲ್ಲ, ಬನ್ನಿ ಅಂತಲೂ ಅನ್ನಲಿಲ್ಲ. ಬೇಕಾದಷ್ಟು ಮಾತ್ರ ಮಾತಾಡುತ್ತಿದ್ದಳು: ಯಾವ ಕಿಟಕಿ, ಯಾವ ಗುಳಿಗೆ, ಎಷ್ಟು ಹೊತ್ತು. ಕೂದಲು ಹೋದ ಮೇಲೆ ಸೆರಗು ತಲೆಯ ಮೇಲೆ ಬಿಗಿಯಾಗಿ ಎಳೆದುಕೊಳ್ಳುತ್ತಿದ್ದಳು. ಗಂಟು ಅರ್ಧಕ್ಕಿಂತ ಕಡಿಮೆಯಾಗಿದೆ ಎಂದು ಡಾಕ್ಟರು ಹೇಳಿದ ದಿನ ಗಂಡ ನನ್ನ ಕಡೆ ನೋಡಿ, “ಚಹಾ ಕುಡೀತೀರೇನ್ರಿ?” ಎಂದ. ಬೆಂಚಿನ ದಿನದ ನಂತರ ಅವನು ನನ್ನೊಡನೆ ಆಡಿದ ಮೊದಲ ಮಾತು ಅದು.

ಆಪರೇಷನ್ ತಾರೀಖು ಒಮ್ಮೆಲೇ ಮುಂಚೆ ಬಂತು, ಬೇರೆ ಯಾರದೋ ರದ್ದಾಗಿತ್ತು. ಆ ವಾರ ಗಂಡ ಊರಿಗೆ ಹೋಗಿದ್ದ, ತಾಯಿಯ ಕೈಕಾಲು ಹಿಡಿದು ಕಾರ್ಡಿನಲ್ಲಿ ಇವಳ ಹೆಸರು ಮತ್ತೆ ಸೇರಿಸಲು. ಸುದ್ದಿ ಕೇಳಿ ರೈಲು ಹತ್ತಿದ್ದ, ಸಂಜೆಗೆ ಮುಟ್ಟುವವನಿದ್ದ. ಇವಳನ್ನು ಬೆಳಿಗ್ಗೆಯೇ ಒಳಗೆ ಕರೆದುಕೊಳ್ಳಬೇಕಿತ್ತು. ಒಪ್ಪಿಗೆಗೆ ಅವಳೇ ಸಹಿ ಮಾಡಿದಳು, ಓರೆಕೋರೆ ಕನ್ನಡ ಅಕ್ಷರದಲ್ಲಿ. ಆಮೇಲೆ ಸಿಸ್ಟರ್ ಇನ್ನೊಂದು ಕಾಗದ ನನ್ನ ಮುಂದೆ ಹಿಡಿದರು. ಆಪರೇಷನ್ ಮುಗಿಯುವ ತನಕ ಹೊರಗೆ ಇರುವವರು ಯಾರು, ಹೆಸರು ಬರೆಯಿರಿ, ಪೇಷಂಟಿಗೆ ಏನಾಗಬೇಕು ಅದನ್ನೂ ಬರೆಯಿರಿ ಎಂದರು.

ಹೆಸರು ಬರೆದೆ. ಮುಂದಿನ ಜಾಗದಲ್ಲಿ ಪೆನ್ನು ನಿಂತಿತು. ಅವಳು ಹಸಿರು ಗೌನಿನಲ್ಲಿ, ಗಾಲಿ ಮಂಚದ ಮೇಲೆ ಮಲಗಿಕೊಂಡೇ ನೋಡುತ್ತಿದ್ದಳು.

“ಏನ್ ಕೇಳತಾರ?”

“ನಾ ನಿನಗ ಏನಾಗಬೇಕು ಅಂತ.”

ಅವಳು ಮೇಲಿನ ಫ್ಯಾನಿನ ಕಡೆ ಮುಖ ತಿರುಗಿಸಿದಳು.

“ಕಾಕಾ ಅಂತ ಬರೀಬ್ಯಾಡ್ರಿ” ಎಂದಳು. “ಗುರುತಿನವರು ಅಂತ ಬರೀರಿ. ಬರದು ಇಲ್ಲೇ ಕುಂಡ್ರಿ, ಎಲ್ಲೂ ಹೋಗಬ್ಯಾಡ್ರಿ.”

ಹಾಗೇ ಬರೆದು, ಬಾಗಿಲ ಪಕ್ಕದ ಬೆಂಚಿನ ಮೇಲೆ ಕೂತೆ.